ಲೂರ್ದಿನ ಬಾಗಿಲಿಗೆ ಮುಸುಕು ಹಾಕಿದ್ದು ಯಾಕೆ?

ಲೂರ್ದು ಅಂದ ಕೂಡಲೇ ನಮ್ಮ ಕಡೆಯ ಕಥೋಲಿಕರ ಕಣ್ಣಿಗೆ ಬರುವುದು ಫ್ರಾನ್ಸ್ ದೇಶ ಅಲ್ಲ. ಚರ್ಚಿನ ಅಂಗಳದ ಮೂಲೆಯಲ್ಲಿ ಕಲ್ಲು ಜೋಡಿಸಿ ಕಟ್ಟಿದ ಗವಿ, ಅದರೊಳಗೆ ಬಿಳಿ ನಿಲುವಂಗಿ, ನೀಲಿ ನಡುಪಟ್ಟಿಯ ಮರಿಯಮ್ಮ, ಕೆಳಗೆ ಮೇಣ ಕರಗಿ ಕಪ್ಪಾದ ಕಬ್ಬಿಣದ ಸ್ಟ್ಯಾಂಡು. ನಮ್ಮಜ್ಜಿ ಪೂಜೆಗೆ ಹೋದರೆ ಮೊದಲು ಅಲ್ಲಿಗೇ ಹೋಗುತ್ತಿದ್ದರು. ಗವಿಯ ಕಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡು, ಆಮೇಲೆ ಚರ್ಚಿನ ಹೊಸ್ತಿಲು ಮುಟ್ಟಿ ಒಳಗೆ ಹೋಗುತ್ತಿದ್ದರು. 1858ರಲ್ಲಿ ಬರ್ನಾದೆತ್ ಎಂಬ ಬಡ ಹುಡುಗಿಗೆ ಮಾತೆ ಮರಿಯಮ್ಮ ಕಾಣಿಸಿಕೊಂಡರು ಎಂಬ ನಂಬಿಕೆ ಆ ದೂರದ ಊರನ್ನು ನಮ್ಮೂರಿನ ಅಂಗಳದ ತನಕ ತಂದಿದೆ.

ಆ ಮೂಲ ಲೂರ್ದಿನಲ್ಲಿ ಗವಿಯ ಹತ್ತಿರವೇ ಜಪಸರ ಮಾತೆಯ ಬಸಿಲಿಕಾ ಇದೆ. 2025ರ ಮಾರ್ಚ್ 31ರಂದು ಅದರ ಬಾಗಿಲುಗಳ ಚಿತ್ರಗಳನ್ನು ಅಲ್ಯೂಮಿನಿಯಂ ಹಲಗೆಗಳಿಂದ ಮುಚ್ಚಲು ಶುರುಮಾಡಿದರು. ಮೊದಲು ಪಕ್ಕದ ಎರಡು ಬಾಗಿಲು, ಆಮೇಲೆ ನಡುವಿನ ದೊಡ್ಡವು. ಚಿತ್ರಗಳು ಹಳತಾಗಿರಲಿಲ್ಲ, ಬಣ್ಣ ಮಾಸಿರಲಿಲ್ಲ. ದರ್ಶನದ 150ನೇ ವರ್ಷದ ಹಬ್ಬಕ್ಕೆಂದು, 2008ರ ಹೊತ್ತಿಗೆ ಮಾಡಿಸಿದವು ಅವು. ಮುಚ್ಚಬೇಕಾಗಿ ಬಂದದ್ದು ಅವನ್ನು ಮಾಡಿದವರ ಕಾರಣಕ್ಕೆ.

ಅವರ ಹೆಸರು ಮಾರ್ಕೊ ರುಪ್ನಿಕ್. ಸ್ಲೊವೇನಿಯಾದವರು, 1954ರಲ್ಲಿ ಹುಟ್ಟಿದವರು, ಯೇಸುಸಭೆಯ, ಅಂದರೆ ಜೆಸ್ವಿಟ್ ಸಂಘದ, ಪಾದ್ರಿಯಾಗಿದ್ದವರು. ರೋಮ್‌ನ ಚೆಂತ್ರೊ ಅಲೆತ್ತಿ ಎಂಬ ಕೇಂದ್ರದಲ್ಲಿ ಕಲಾವಿದರ ದೊಡ್ಡ ತಂಡ ಕಟ್ಟಿಕೊಂಡು ಮೊಸಾಯಿಕ್ ಚಿತ್ರಗಳನ್ನು ಮಾಡುತ್ತಿದ್ದರು. ಮೊಸಾಯಿಕ್ ಅಂದರೆ ನಮಗೆ ಹಳೇ ಮನೆಯ ನೆಲ ನೆನಪಾಗುತ್ತದೆ. ಇದು ಗೋಡೆಯ ಕೆಲಸ. ಬಣ್ಣದ ಕಲ್ಲು, ಗಾಜು, ಚಿನ್ನದ ಲೇಪದ ಚೂರುಗಳನ್ನು ಒಂದೊಂದಾಗಿ ಗಾರೆಗೆ ಒತ್ತಿ ಮುಖ, ಕೈ, ಬಟ್ಟೆಯ ನೆರಿಗೆ ಮೂಡಿಸುವುದು. ರುಪ್ನಿಕ್ ಚಿತ್ರಗಳನ್ನು ಒಮ್ಮೆ ನೋಡಿದರೆ ಮರೆಯುವುದಿಲ್ಲ. ಮುಖ್ಯವಾಗಿ ಆ ಕಣ್ಣುಗಳು. ದೊಡ್ಡವು, ಕಪ್ಪು, ಆಳದವು.

ನೀವೂ ಬಹುಶಃ ನೋಡಿದ್ದೀರಿ. 2015ರ ಡಿಸೆಂಬರಿನಿಂದ 2016ರ ನವೆಂಬರ್ ತನಕ ಪೋಪ್ ಫ್ರಾನ್ಸಿಸ್ ಕರುಣೆಯ ಜುಬಿಲಿ ವರ್ಷ ಆಚರಿಸಲು ಹೇಳಿದ್ದರು. ಆ ವರ್ಷದ ಲಾಂಛನ ಬರೆದವರು ಇವರೇ. ಯೇಸುಸ್ವಾಮಿ ಒಬ್ಬ ಮನುಷ್ಯನನ್ನು ಹೆಗಲ ಮೇಲೆ ಹೊತ್ತಿದ್ದಾರೆ. ಇಬ್ಬರ ಮುಖ ಒಂದಕ್ಕೊಂದು ತಾಗಿದೆ. ಎಣಿಸಿದರೆ ಇಬ್ಬರಿಗೂ ಸೇರಿ ಮೂರೇ ಕಣ್ಣು. ನಡುವಿನ ಕಣ್ಣು ಇಬ್ಬರದ್ದೂ ಹೌದು. ದೇವರು ಮನುಷ್ಯನ ಕಣ್ಣಿಂದ ನೋಡುತ್ತಾನೆ, ಮನುಷ್ಯ ದೇವರ ಕಣ್ಣಿಂದ ನೋಡುತ್ತಾನೆ ಎಂಬುದು ಅದರ ಅರ್ಥ. ಆ ವರ್ಷ ನಮ್ಮ ಚರ್ಚಿನಲ್ಲಿ ಹಂಚಿದ ಒಂದು ಚಿಕ್ಕ ಕಾರ್ಡು ನನ್ನ ಪ್ರಾರ್ಥನೆ ಪುಸ್ತಕದಲ್ಲಿ ವರ್ಷಗಟ್ಟಲೆ ಇತ್ತು. ಮನಸ್ಸು ಕುಗ್ಗಿದಾಗ ಅದನ್ನೇ ನೋಡುತ್ತಾ ಕೂತಿದ್ದೂ ಉಂಟು.

ಇಂಥ ಚಿತ್ರಗಳು ಅಷ್ಟು ಬೇಗ ಅಷ್ಟು ದೂರ ಹರಡಲು ಕಾರಣ ಇತ್ತು. ಇಪ್ಪತ್ತನೇ ಶತಮಾನದ ಎರಡನೇ ಅರ್ಧದಲ್ಲಿ ಕಟ್ಟಿದ ಬಹಳಷ್ಟು ಚರ್ಚುಗಳಲ್ಲಿ ಬರೀ ಕಾಂಕ್ರೀಟು, ಬರೀ ಬಿಳಿ ಗೋಡೆ. ಜನರಿಗೆ ಅಲ್ಲಿ ಕಣ್ಣು ನಿಲ್ಲಿಸಲು ಏನೂ ಸಿಗುತ್ತಿರಲಿಲ್ಲ. ರುಪ್ನಿಕ್ ಪೂರ್ವದ ಚರ್ಚುಗಳ ಹಳೆಯ ಐಕಾನ್, ಅಂದರೆ ಪೂಜೆಯ ಪವಿತ್ರ ಚಿತ್ರಗಳ, ಶೈಲಿಯನ್ನು ತೆಗೆದುಕೊಂಡು ಇಂದಿನ ಬಣ್ಣ, ಇಂದಿನ ಒರಟುತನ ಸೇರಿಸಿದರು. ಕಥೆ ಕೂಡಲೇ ತಿಳಿಯುತ್ತದೆ. ಬೈಬಲಿನ ಕಾನಾ ಊರಿನ ಮದುವೆ ಮದುವೆಯಂತೆಯೇ ಕಾಣುತ್ತದೆ. ಪೋಪ್ ಎರಡನೇ ಜಾನ್ ಪಾಲ್ ತಮ್ಮ ಅರಮನೆಯ ಪ್ರಾರ್ಥನಾಲಯವನ್ನೇ ಇವರ ತಂಡಕ್ಕೆ ಒಪ್ಪಿಸಿದರು. 1999ರಲ್ಲಿ ಅದು ಮುಗಿಯಿತು. ಆಮೇಲೆ ಪೋರ್ಚುಗಲ್ಲಿನ ಫಾತಿಮಾ, ಇಟಲಿಯಲ್ಲಿ ಪಾದ್ರೆ ಪಿಯೊ ಅವರ ಕ್ಷೇತ್ರ, ಬ್ರೆಜಿಲ್ಲಿನ ಅಪರೆಸಿಡಾ, ಅಮೆರಿಕದ ವಾಷಿಂಗ್ಟನ್. ಜಗತ್ತಿನಲ್ಲಿ 200ಕ್ಕೂ ಹೆಚ್ಚು ಪ್ರಾರ್ಥನಾ ಸ್ಥಳಗಳಲ್ಲಿ ಈ ತಂಡದ ಕೆಲಸ ಇದೆ.

2022ರ ಡಿಸೆಂಬರಿನಲ್ಲಿ ಇಟಲಿಯಲ್ಲಿ ಸುದ್ದಿ ಒಡೆಯಿತು. ರುಪ್ನಿಕ್ ತಮ್ಮ ಮೇಲೆ ಲೈಂಗಿಕವಾಗಿ, ಮಾನಸಿಕವಾಗಿ, ಆಧ್ಯಾತ್ಮಿಕವಾಗಿ ದೌರ್ಜನ್ಯ ಮಾಡಿದ್ದಾರೆಂದು ಕೆಲವು ಮಹಿಳೆಯರು ಹೇಳಿದರು. ಅವರಲ್ಲಿ ಹಲವರು ಸ್ಲೊವೇನಿಯಾದ ಒಂದು ಕನ್ಯಾಸ್ತ್ರೀ ಸಮುದಾಯದಲ್ಲಿ ಇದ್ದವರು. ಹೀಗೆ ಹೇಳಿದವರ ಸಂಖ್ಯೆ ಮುಂದೆ 20 ದಾಟಿತು. ಇನ್ನೊಂದು ಸಂಗತಿಯೂ ಆಗ ಹೊರಬಂತು. ಪಾಪದಲ್ಲಿ ತನ್ನ ಜೊತೆಯಾದವರಿಗೆ ತಾನೇ ಪಾಪಕ್ಷಮೆ ಕೊಟ್ಟ ತಪ್ಪಿಗಾಗಿ 2020ರಲ್ಲೇ ಅವರಿಗೆ ಬಹಿಷ್ಕಾರದ ಶಿಕ್ಷೆ ಆಗಿತ್ತು. ಸ್ವಲ್ಪ ದಿನಕ್ಕೇ ಅದನ್ನು ತೆಗೆದಿದ್ದರು. ಯೇಸುಸಭೆ ಒಳಗೇ ವಿಚಾರಿಸಿ, ದೂರುಗಳು ಬಹಳ ನಂಬಲರ್ಹ ಎಂದಿತು. ವಿಧೇಯತೆಯ ಮಾತಿಗೆ ತಪ್ಪಿದ್ದಕ್ಕಾಗಿ 2023ರ ಜೂನಿನಲ್ಲಿ ಅವರನ್ನು ಹೊರಹಾಕಿತು. ಕಾಲಮಿತಿ ಮೀರಿದೆ ಎಂದು ನಿಂತುಹೋಗಿದ್ದ ವಿಚಾರಣೆಗೆ 2023ರ ಅಕ್ಟೋಬರಿನಲ್ಲಿ ಪೋಪ್ ಫ್ರಾನ್ಸಿಸ್ ದಾರಿ ಬಿಟ್ಟರು. 2025ರ ಅಕ್ಟೋಬರಿನಲ್ಲಿ ಐವರು ನ್ಯಾಯಾಧೀಶರ ಪೀಠ ನೇಮಕವಾಯಿತು. ಅದರಲ್ಲಿ ಮಹಿಳೆಯರೂ ಇದ್ದಾರೆ. ಅಪರಾಧ ನಡೆಯಿತೋ ಇಲ್ಲವೋ ಎಂದು ಹೇಳಬೇಕಾದದ್ದು ಆ ಪೀಠ.

ಆದರೆ ಗೋಡೆಯ ಮೇಲಿನ ಚಿತ್ರ ತೀರ್ಪಿಗೆ ಕಾಯುವುದಿಲ್ಲ. ಪ್ರತಿದಿನ ಅದರ ಕೆಳಗೆ ಜನ ಮೊಣಕಾಲೂರುತ್ತಾರೆ.

"ಚಿತ್ರ ಬೇರೆ, ಚಿತ್ರಕಾರ ಬೇರೆ ಅಲ್ವಾ?" ಈ ವಿಷಯ ಎತ್ತಿದಾಗಲೆಲ್ಲ ಯಾರಾದರೂ ಹೀಗೆ ಕೇಳುತ್ತಾರೆ. ಹಾಗೆ ಕೇಳುವವರು ಕೆಟ್ಟವರಲ್ಲ. ಇಟಲಿಯ ಪ್ರಸಿದ್ಧ ಚಿತ್ರಕಾರ ಕಾರವಾಜೊ 1606ರಲ್ಲಿ ರೋಮ್‌ನಲ್ಲಿ ಒಬ್ಬನನ್ನು ಕೊಂದು ಓಡಿಹೋದ. ಅವನ ಚಿತ್ರಗಳು ಇವತ್ತಿಗೂ ಅದೇ ರೋಮ್‌ನ ಚರ್ಚುಗಳಲ್ಲಿವೆ, ಜನ ಅವುಗಳ ಮುಂದೆ ಪ್ರಾರ್ಥಿಸುತ್ತಾರೆ. ನಾವೂ ಚಿತ್ರ ಮಾಡಿದವರು ಯಾರು ಅಂತ ಕೇಳುವುದು ಕಡಿಮೆ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ಗೆ ಹೋಗಿ ತಲೆ ಎತ್ತಿ ಸೂರಿನ ಚಿತ್ರ ನೋಡುವವರಲ್ಲಿ ಎಷ್ಟು ಜನ ಅಂತೋನಿಯೊ ಮೊಸ್ಕೇನಿ ಹೆಸರು ಹೇಳಬಲ್ಲರು? ಇಟಲಿಯಿಂದ ಬಂದ ಆ ಬ್ರದರ್, ಅವರೂ ಯೇಸುಸಭೆಯವರೇ, 1899ರಿಂದ 1901ರ ತನಕ ಆ ಗೋಡೆ, ಆ ಸೂರು ತುಂಬ ಚಿತ್ರ ಬರೆದರು. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಅವರ ಹೆಸರು ಗೊತ್ತಿಲ್ಲದಿದ್ದರೂ ಅಲ್ಲಿನ ಪ್ರಾರ್ಥನೆಗೆ ಏನೂ ಕೊರತೆ ಆಗಿಲ್ಲ.

ಹಾಗಾದರೆ ರುಪ್ನಿಕ್ ವಿಷಯದಲ್ಲಿ ಮಾತ್ರ ಯಾಕೆ ಇಷ್ಟು ತಕರಾರು?

ಚರ್ಚಿನಲ್ಲಿ ಚಿತ್ರಕ್ಕೆ ಏನು ಕೆಲಸ ಎಂಬುದನ್ನು ಮೊದಲು ನೋಡಬೇಕು. ಮ್ಯೂಸಿಯಂನಲ್ಲಿ ಚಿತ್ರವನ್ನು ನೋಡುತ್ತೇವೆ. ಇಷ್ಟ ಆಗದಿದ್ದರೆ ಮುಂದಿನ ಕೋಣೆಗೆ ಹೋಗುತ್ತೇವೆ. ಚರ್ಚಿನಲ್ಲಿ ಚಿತ್ರದ ಮೂಲಕ ನೋಡುತ್ತೇವೆ. 787ರಲ್ಲಿ ನಿಕೇಯದಲ್ಲಿ ಸೇರಿದ ಎರಡನೇ ಮಹಾಸಭೆ ತೀರ್ಮಾನಿಸಿದ್ದೂ ಇದನ್ನೇ. ಚಿತ್ರಕ್ಕೆ ಸಲ್ಲಿಸುವ ಗೌರವ ಚಿತ್ರದಲ್ಲಿ ನಿಲ್ಲುವುದಿಲ್ಲ, ಚಿತ್ರದಲ್ಲಿ ಇರುವವರಿಗೆ ಹೋಗಿ ಸೇರುತ್ತದೆ ಎಂದು ಅದು ಹೇಳಿತು. ಅಂದರೆ ಚಿತ್ರ ಕಿಟಕಿಯ ಹಾಗೆ. ಸ್ವಂತದ ಕಡೆ ಗಮನ ಎಳೆಯದೆ ಆಚೆಗೆ ದಾಟಿಸಬೇಕು. ಈಗ ಯೋಚಿಸಿ. ಒಬ್ಬ ಮಹಿಳೆ ಲೂರ್ದಿಗೆ ಬರುತ್ತಾಳೆ. ಆ ಕಪ್ಪು ಕಣ್ಣುಗಳನ್ನು ನೋಡಿದ ಕೂಡಲೇ ಅವಳಿಗೆ ಯೇಸು ಕಾಣುವುದಿಲ್ಲ, ಆ ಕೈ ನೆನಪಾಗುತ್ತದೆ. ಕಿಟಕಿ ಅವಳ ಪಾಲಿಗೆ ಗೋಡೆಯಾಯಿತು. ಚಿತ್ರ ಎಷ್ಟೇ ಚೆನ್ನಾಗಿರಲಿ, ಅವಳ ಮಟ್ಟಿಗೆ ಅದು ತನ್ನ ಕೆಲಸ ಮಾಡುತ್ತಿಲ್ಲ.

ಕಾರವಾಜೊ ಕೊಂದವನ ಮನೆಯವರು ಯಾರೂ ಇಂದು ಆ ಚಿತ್ರದ ಮುಂದೆ ಬಂದು ನಿಲ್ಲುವುದಿಲ್ಲ. ಲೂರ್ದಿನ ಬಾಗಿಲಿಗೆ ಬರುವವರು ಬದುಕಿದ್ದಾರೆ. ಆ ಮಹಿಳೆಯರಷ್ಟೇ ಅಲ್ಲ, ಬೇರೆ ಪಾದ್ರಿಗಳಿಂದ ನೊಂದವರೂ ಬರುತ್ತಾರೆ. ಫ್ರಾನ್ಸ್‌ನ ಸ್ವತಂತ್ರ ಆಯೋಗ 2021ರಲ್ಲಿ ಕೊಟ್ಟ ವರದಿಯ ಪ್ರಕಾರ, 1950ರಿಂದೀಚೆಗೆ ಆ ದೇಶದಲ್ಲಿ ಪಾದ್ರಿಗಳು ಮತ್ತು ಮಠದವರಿಂದ ದೌರ್ಜನ್ಯಕ್ಕೆ ಒಳಗಾದ ಮಕ್ಕಳ ಅಂದಾಜು ಸಂಖ್ಯೆ 2,16,000. ಆ ವರದಿ ಬಂದ ಮೇಲೆ ಫ್ರಾನ್ಸ್‌ನ ಧರ್ಮಾಧ್ಯಕ್ಷರೆಲ್ಲ ಸೇರಿ ಮೊಣಕಾಲೂರಿ ಪಶ್ಚಾತ್ತಾಪ ಪಟ್ಟದ್ದೂ ಇದೇ ಲೂರ್ದಿನಲ್ಲಿ.

ಇದಕ್ಕಿಂತ ನನ್ನನ್ನು ಜಾಸ್ತಿ ಕಾಡುವ ಕಾರಣ ಬೇರೆ ಇದೆ. ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಫ್ರಾನ್ಸ್‌ನಲ್ಲಿ ದೊಡ್ಡ ಚರ್ಚೆ ನಡೆಯಿತು. ಚರ್ಚಿನ ಕಲೆ ಸಕ್ಕರೆಯ ಗೊಂಬೆಯಂತಾಗಿದೆ, ಜೀವವೇ ಇಲ್ಲ ಎಂದು ಡೊಮಿನಿಕನ್ ಪಾದ್ರಿ ಮಾರಿ-ಆಲೆನ್ ಕುತೂರಿಯೆ ಬೇಸರಪಟ್ಟರು. ಭಕ್ತಿ ಇದ್ದು ಕೈಯಲ್ಲಿ ಕಲೆ ಇಲ್ಲದವನಿಗಿಂತ, ನಂಬಿಕೆ ಇಲ್ಲದಿದ್ದರೂ ಪ್ರತಿಭೆ ಇರುವವನೇ ಮೇಲು ಎಂಬುದು ಅವರ ವಾದ. ಆಲ್ಪ್ಸ್ ಬೆಟ್ಟದ ಅಸ್ಸಿ ಎಂಬ ಕಡೆ 1950ರಲ್ಲಿ ಪ್ರತಿಷ್ಠೆಯಾದ ಚರ್ಚಿಗೆ ಅವರು ಕಮ್ಯುನಿಸ್ಟ್ ಚಿತ್ರಕಾರ ಲೆಜೆ, ಯಹೂದಿ ಕಲಾವಿದರಾದ ಶಗಾಲ್ ಮತ್ತು ಲಿಪ್‌ಶಿಟ್ಜ್, ಹೀಗೆ ಎಲ್ಲರನ್ನೂ ಕರೆದರು. ಮರುವರ್ಷ ವಾನ್ಸ್ ಎಂಬಲ್ಲಿ ಚಿತ್ರಕಾರ ಮಾತಿಸ್ ತನ್ನ ಪ್ರಸಿದ್ಧ ಪ್ರಾರ್ಥನಾಲಯ ಮುಗಿಸಿದ. ಆಧುನಿಕ ಕ್ರೈಸ್ತ ಕಲೆಯ ಮಾತು ಬಂದರೆ ಈ ಎರಡು ಚರ್ಚುಗಳನ್ನು ಬಿಟ್ಟು ಮಾತಾಡಲು ಆಗುವುದಿಲ್ಲ.

ಅಸ್ಸಿಯಲ್ಲೂ ಒಂದು ಕೃತಿಯನ್ನು ತೆಗೆದರು. ಜೆರ್ಮೆನ್ ರಿಶಿಯೆ ಎಂಬ ಶಿಲ್ಪಿ ಮಾಡಿದ ಕಂಚಿನ ಕ್ರಿಸ್ತ. ಶಿಲುಬೆ ಯಾವುದು, ದೇಹ ಯಾವುದು ತಿಳಿಯದ ಹಾಗೆ ಒಣಗಿದ ಮರದಂಥ ರೂಪ, ಮುಖವೇ ಇಲ್ಲ. ಇದು ಕ್ರಿಸ್ತನಿಗೆ ಅವಮಾನ ಎಂದು ಗಲಾಟೆಯಾಯಿತು. 1951ರಲ್ಲಿ ಧರ್ಮಾಧ್ಯಕ್ಷರು ಅದನ್ನು ತೆಗೆಸಿದರು. ಆದರೆ ಆ ಬೆಟ್ಟದ ತುಂಬ ಕ್ಷಯರೋಗದ ಆಸ್ಪತ್ರೆಗಳಿದ್ದವು. ಅಲ್ಲಿನ ರೋಗಿಗಳಿಗೆ ಆ ಕ್ರಿಸ್ತ ಬೇಕಿತ್ತು. ಸವೆದುಹೋದ ಆ ದೇಹದಲ್ಲಿ ಅವರು ತಮ್ಮದೇ ನೋವು ಕಂಡಿದ್ದರು. 1969ರಲ್ಲಿ ಅದು ಮತ್ತೆ ಬಲಿಪೀಠಕ್ಕೆ ಬಂತು. ನನಗೆ ಈ ಪ್ರಸಂಗ ಬಹಳ ಮುಖ್ಯ ಅನಿಸುತ್ತದೆ. ಚೆಂದ ಇದೆಯೋ ಇಲ್ಲವೋ ಎಂದು ದೊಡ್ಡವರು ವಾದ ಮಾಡುತ್ತಿದ್ದಾಗ, ನೋವಿನಲ್ಲಿದ್ದವರು ಆ ಶಿಲುಬೆಯನ್ನು ಸರಿಯಾಗಿ ಓದಿದ್ದರು. ಚರ್ಚಿನ ಚಿತ್ರವನ್ನು ತೂಗಬೇಕಾದ ತಕ್ಕಡಿ ಅವರ ಕೈಯಲ್ಲಿದೆ. ಲೂರ್ದಿಗೂ ಇದೇ ಮಾತು ಸಲ್ಲುತ್ತದೆ.

ಕುತೂರಿಯೆ ಕಲಾವಿದನ ಬದುಕನ್ನು ಬದಿಗಿಟ್ಟರು. ಶಗಾಲ್, ಲೆಜೆ ಯಾರೂ ತಾವು ಸಂತರೆಂದು ಹೇಳಿಕೊಳ್ಳಲಿಲ್ಲ. ರುಪ್ನಿಕ್ ದಾರಿ ಇದಕ್ಕೆ ತೀರಾ ಉಲ್ಟಾ. ಕಲೆ ಪ್ರಾರ್ಥನೆಯಿಂದ, ಪೂಜೆಯಿಂದ, ಒಟ್ಟಿಗೆ ಬಾಳುವ ಸಮುದಾಯದಿಂದ ಹುಟ್ಟಬೇಕು ಎಂಬುದೇ ಅವರ ಕೇಂದ್ರದ ಬೋಧನೆ. ಅವರು ಪಾದ್ರಿ, ಆಧ್ಯಾತ್ಮಿಕ ಮಾರ್ಗದರ್ಶಿ, ಧ್ಯಾನಕೂಟಗಳ ಪ್ರವಚನಕಾರ, ಕಲಾವಿದ, ಎಲ್ಲ ಒಂದೇ. ಚರ್ಚುಗಳು ಅವರನ್ನು ಕರೆದದ್ದೂ ಇದೇ ನಂಬಿಕೆಯ ಮೇಲೆ. ಇನ್ನು ಆ ಮಹಿಳೆಯರಲ್ಲಿ ಕೆಲವರ ದೂರು ಏನು? ಆ ಕಲೆಯ ಕೆಲಸದ ಒಳಗೇ, ಆ ದೇವರ ಮಾತಿನಲ್ಲೇ ತಮ್ಮನ್ನು ಬಳಸಿಕೊಂಡರು ಎಂಬುದು. ಬದುಕು, ಪ್ರಾರ್ಥನೆ, ಕಲೆ ಮೂರೂ ಒಂದೇ ಎಂದು ಹೇಳಿ ಗೋಡೆಗೆ ಏರಿದ ಚಿತ್ರವನ್ನು ಈಗ ಬದುಕಿನಿಂದ ಬಿಡಿಸಿ ನೋಡಿ ಅಂದರೆ ಹೇಗೆ ಸಾಧ್ಯ?

ಅವರು ಶೈಲಿ ಪಡೆದ ಐಕಾನ್ ಪರಂಪರೆಯೂ ಚಿತ್ರಕಾರನ ಬದುಕನ್ನು ಬಿಟ್ಟುಕೊಟ್ಟಿರಲಿಲ್ಲ. 1551ರಲ್ಲಿ ಮಾಸ್ಕೋದಲ್ಲಿ ಸೇರಿದ, ರಷ್ಯದ ಚರ್ಚಿನ ಸ್ತೊಗ್ಲಾವ್ ಸಭೆ ಐಕಾನ್ ಬರೆಯುವವನು ಹೇಗಿರಬೇಕು ಎಂದು ಸ್ಪಷ್ಟವಾಗಿ ಹೇಳಿತು. ವಿನಯ ಇರಬೇಕು, ಕುಡುಕ ಆಗಿರಬಾರದು, ದೇಹ ಮತ್ತು ಮನಸ್ಸು ಶುದ್ಧವಾಗಿರಬೇಕು. ಹಾಗೆ ಬದುಕದವರಿಗೆ ಐಕಾನ್ ಬರೆಯಲು ಬಿಡಬಾರದು ಎಂದೂ ಹೇಳಿತು. ಈ ನಿಯಮವನ್ನು ಎಲ್ಲರೂ ಪಾಲಿಸಿದರು ಅಂತ ನಾನು ಹೇಳುತ್ತಿಲ್ಲ. ಆದರೆ ಆ ಪರಂಪರೆಯ ಕಣ್ಣು, ಬಣ್ಣ, ಚಿನ್ನ ತೆಗೆದುಕೊಂಡು ಈ ಷರತ್ತನ್ನು ಮಾತ್ರ ಬಿಡಲಾಗದು.

ಚಿತ್ರಗಳನ್ನು ಉಳಿಸಬೇಕು ಎನ್ನುವವರ ಮಾತಿನಲ್ಲಿ ತೂಕ ಇಲ್ಲದಿಲ್ಲ. ಮೊಸಾಯಿಕ್ ಒಬ್ಬರ ಕೆಲಸ ಅಲ್ಲ. ಕಲ್ಲು ಕಡಿದು ಕೂರಿಸಿದ ಹತ್ತಾರು ಕೈಗಳಿವೆ. ಅವರಲ್ಲಿ ಬಹಳ ಜನ ಪ್ರಾಮಾಣಿಕವಾಗಿ, ಪ್ರಾರ್ಥಿಸುತ್ತಲೇ ದುಡಿದವರು. ಆ ಚಿತ್ರಗಳ ಮುಂದೆ ಅತ್ತು ಹಗುರಾದ ಯಾತ್ರಿಕರೂ ಇದ್ದಾರೆ. ವ್ಯಾಟಿಕನ್ನಿನ ಸಂವಹನ ವಿಭಾಗದ ಮುಖ್ಯಸ್ಥ ಪಾವ್ಲೊ ರುಫಿನಿ 2024ರ ಜೂನಿನಲ್ಲಿ, ಕಲೆಯನ್ನು ತೆಗೆಯುವುದು ಕ್ರೈಸ್ತರು ಕೊಡಬೇಕಾದ ಉತ್ತರ ಅಲ್ಲ ಎಂಬ ಅರ್ಥದಲ್ಲಿ ಮಾತಾಡಿದರು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಕಥೀಡ್ರಲ್‌ನ ಉದಾಹರಣೆಯೂ ಇದೆ. ಅಲ್ಲಿನ ಶಿಲುಬೆ ಹಾದಿಯ 14 ಕಲ್ಲಿನ ಫಲಕಗಳನ್ನು 1914ರಿಂದ 1918ರ ನಡುವೆ ಕೆತ್ತಿದವನು ಎರಿಕ್ ಗಿಲ್. ಅವನು ತನ್ನ ಹೆಣ್ಣುಮಕ್ಕಳ ಮೇಲೇ ದೌರ್ಜನ್ಯ ಎಸಗಿದ್ದು, ತನ್ನ ಡೈರಿಯಲ್ಲೇ ಬರೆದಿಟ್ಟಿದ್ದು, 1989ರಲ್ಲಿ ಹೊರಬಂತು. ತೆಗೆಯಿರಿ ಎಂಬ ಕೂಗು ಎದ್ದಿತು. ಫಲಕಗಳು ಅಲ್ಲೇ ಉಳಿದವು. ಗಿಲ್ ಸತ್ತು ಆಗ ಸುಮಾರು ಐವತ್ತು ವರ್ಷ ಆಗಿತ್ತು ಎಂಬುದು ಬೇರೆ ಮಾತು. ಶಿಲುಬೆ ಹಾದಿ ಹಿಡಿದು ನಡೆಯುವಾಗ ಅದೂ ನನಗೆ ಸುಲಭ ಅನಿಸುವುದಿಲ್ಲ.

ಲೂರ್ದಿನ ಧರ್ಮಾಧ್ಯಕ್ಷ ಜಾನ್-ಮಾರ್ಕ್ ಮಿಕಾ ಅವಸರ ಮಾಡಲಿಲ್ಲ. 2023ರಲ್ಲಿ ಒಂದು ಸಮಿತಿ ಮಾಡಿದರು. ನೊಂದವರ ಮಾತು ಕೇಳಿದರು. 2024ರ ಜುಲೈನಲ್ಲಿ, ಈ ಚಿತ್ರಗಳನ್ನು ತೆಗೆಯುವುದೇ ಒಳ್ಳೆಯದು ಎಂಬುದು ತಮ್ಮ ಸ್ವಂತ ಅಭಿಪ್ರಾಯ, ಆದರೆ ಜನ ಎರಡು ಭಾಗವಾಗಿದ್ದಾರೆ, ಇನ್ನೂ ಸಮಯ ಬಂದಿಲ್ಲ ಎಂದು ಬಿಚ್ಚಿ ಹೇಳಿದರು. ಕಾನೂನಿನ ತೊಡಕೂ ಇದೆ. ಫ್ರಾನ್ಸ್‌ನಲ್ಲಿ ಕೃತಿ ಮಾರಿದ ಮೇಲೂ ಅದನ್ನು ಕೆಡಿಸದಂತೆ ತಡೆಯುವ ಹಕ್ಕು ಕಲಾವಿದನಿಗೆ ಇರುತ್ತದೆ. ಹಾಗಾಗಿ ಮೊದಲ ಹೆಜ್ಜೆ ಚಿಕ್ಕದು. ರಾತ್ರಿ ಮೇಣದ ಬತ್ತಿಯ ಮೆರವಣಿಗೆ ನಡೆಯುವಾಗ ಈ ಚಿತ್ರಗಳ ಮೇಲೆ ಬೀಳುತ್ತಿದ್ದ ದೀಪ ಆರಿಸಿದರು. ಅವು ಜಪಸರದ ಬೆಳಕಿನ ರಹಸ್ಯಗಳ ಚಿತ್ರಗಳು. ಜಪಸರ ಹೇಳುವಾಗ ಧ್ಯಾನಿಸುವ ಯೇಸುವಿನ ಬದುಕಿನ ಘಟನೆಗಳಿಗೆ ರಹಸ್ಯ ಎನ್ನುತ್ತೇವೆ; ಇವು 2002ರಲ್ಲಿ ಪೋಪ್ ಜಾನ್ ಪಾಲ್ ಸೇರಿಸಿದ ಐದು. ಅವುಗಳ ಮೇಲಿನ ಬೆಳಕನ್ನೇ ತೆಗೆಯಬೇಕಾಗಿ ಬಂದದ್ದು ಓದಿದ ದಿನ ನನಗೆ ನಿಜಕ್ಕೂ ಸಂಕಟ ಆಯಿತು.

2024ರ ಅದೇ ಜುಲೈನಲ್ಲಿ ಅಮೆರಿಕದ ನೈಟ್ಸ್ ಆಫ್ ಕೊಲಂಬಸ್ ಎಂಬ ಕಥೋಲಿಕ ಸಂಘ ವಾಷಿಂಗ್ಟನ್ ಮತ್ತು ನ್ಯೂ ಹೇವನ್‌ನಲ್ಲಿರುವ ಚಿತ್ರಗಳನ್ನು ಬಟ್ಟೆಯಿಂದ ಮುಚ್ಚುವುದಾಗಿ ಹೇಳಿತು. ಫಾತಿಮಾ ಕ್ಷೇತ್ರ ಗೋಡೆಯ ಚಿತ್ರ ತೆಗೆಯಲಿಲ್ಲ, ಪ್ರಚಾರದಲ್ಲಿ ಬಳಸುವುದನ್ನು ಮಾತ್ರ ನಿಲ್ಲಿಸಿತು. ಐವರು ಮಹಿಳೆಯರ ಪರವಾಗಿ ಅವರ ವಕೀಲೆ, ಚಿತ್ರ ಇರುವ ಚರ್ಚುಗಳಿಗೆ ಪತ್ರ ಬರೆದು ತೆಗೆಯಿರಿ ಎಂದು ಕೇಳಿಕೊಂಡಿದ್ದರು. ವ್ಯಾಟಿಕನ್ನಿನ ಸುದ್ದಿ ತಾಣ ಹಬ್ಬದ ದಿನಗಳಿಗೆ ಈ ಚಿತ್ರಗಳನ್ನೇ ಹಾಕುತ್ತಿತ್ತು. ಹೊಸ ಪೋಪ್ 14ನೇ ಲಿಯೊ ಬಂದು ಒಂದು ತಿಂಗಳಾಗುವಷ್ಟರಲ್ಲಿ, 2025ರ ಜೂನಿನಲ್ಲಿ, ಅವು ಅಲ್ಲಿಂದ ಮಾಯವಾದವು.

ಲೂರ್ದಿನ ಬಾಗಿಲು ಮುಚ್ಚಿಸಿದಾಗ ಮಿಕಾ ಕೊಟ್ಟ ಕಾರಣದಲ್ಲಿ ಕಲೆಯ ಮಾತೇ ಇರಲಿಲ್ಲ. ಇಂದು ಈ ಹೊಸ್ತಿಲು ದಾಟಲಾಗದ ಜನರಿದ್ದಾರೆ, ಅವರಿಗೆ ಒಳಗೆ ಬರುವುದು ಸುಲಭವಾಗಬೇಕು ಎಂಬ ಅರ್ಥದ ಮಾತು ಅವರದು. ಲೂರ್ದಿನಲ್ಲಿ ರೋಗಿಗಳದೇ ಮೊದಲ ಸಾಲು. ಗಾಲಿಕುರ್ಚಿಗಳು ಮುಂದೆ, ಗಟ್ಟಿಮುಟ್ಟಾದವರು ಹಿಂದೆ. ನೊಂದವರು ಬಾಗಿಲಲ್ಲೇ ನಿಂತುಬಿಟ್ಟರೆ ಆ ಊರಿಗೆ ಬೇರೆ ಅರ್ಥ ಏನು ಉಳಿಯುತ್ತದೆ? ನಮ್ಮಜ್ಜಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ ಹೊಸ್ತಿಲು ನೆನಪಾಗಿ, ಮಿಕಾ ಅವರ ಮಾತು ನನಗೆ ಸರಿ ಅನಿಸಿತು.

ಚಿತ್ರ ಮುಚ್ಚುವುದು ಕಥೋಲಿಕರಿಗೆ ಹೊಸದೂ ಅಲ್ಲ. ತಪಸ್ಸುಕಾಲದ ಕೊನೆಯ ವಾರಗಳಲ್ಲಿ ಶಿಲುಬೆ, ಪ್ರತಿಮೆಗಳಿಗೆ ನೇರಳೆ ಬಟ್ಟೆ ಸುತ್ತುವ ರೂಢಿ ನಮ್ಮಲ್ಲೂ ಇದೆ. ಚಿಕ್ಕವಳಿದ್ದಾಗ ಅದನ್ನು ನೋಡಿ ಹೆದರಿಕೆ ಆಗುತ್ತಿತ್ತು. ಆಮೇಲೆ ತಿಳಿಯಿತು, ಕಣ್ಣಿಗೂ ಉಪವಾಸ ಬೇಕು ಅಂತ. ಆ ದಿನಗಳಲ್ಲಿ ಯಾರೂ ಪ್ರಾರ್ಥನೆ ನಿಲ್ಲಿಸುವುದಿಲ್ಲ. ಬಟ್ಟೆಯ ಮುಂದೆಯೇ ಮೊಣಕಾಲೂರುತ್ತಾರೆ.

ನನ್ನ ಪ್ರಾರ್ಥನೆ ಪುಸ್ತಕದ ಆ ಕಾರ್ಡಿನ ವಿಷಯ ಹೇಳಬೇಕು. ಸುದ್ದಿ ಓದಿದ ಮೇಲೂ ಸ್ವಲ್ಪ ದಿನ ಹಾಗೇ ಇಟ್ಟಿದ್ದೆ. ಹೆಗಲ ಮೇಲೆ ಹೊತ್ತ ಯೇಸು ನನಗೆ ಸುಳ್ಳಾಗಿರಲಿಲ್ಲ. ಒಂದು ಭಾನುವಾರ ಪಕ್ಕದಲ್ಲಿ ಕೂತ ಹುಡುಗಿ ಅದನ್ನು ನೋಡಿ, "ಚೆನ್ನಾಗಿದೆ ಅಕ್ಕಾ, ಯಾರು ಬರೆದದ್ದು?" ಎಂದು ಕೇಳಿದಳು. ನನಗೆ ಉತ್ತರ ಕೊಡಲು ಆಗಲಿಲ್ಲ. ಮನೆಗೆ ಬಂದು ಕಾರ್ಡು ಹೊರಗೆ ತೆಗೆದೆ. ಹರಿಯಲು ಮನಸ್ಸು ಬರಲಿಲ್ಲ, ಒಂದು ಲಕೋಟೆಯಲ್ಲಿ ಹಾಕಿ ಕಪಾಟಿನಲ್ಲಿಟ್ಟೆ. ಆ ಪುಟದಲ್ಲಿ ಈಗ ಅಜ್ಜಿಯ ಹಳೆಯ ಲೂರ್ದು ಮಾತೆಯ ಪಟ ಇದೆ. ಅಂಚು ಸವೆದಿದೆ, ಅಚ್ಚು ಮಾಸಿದೆ. ಯಾರು ಬರೆದದ್ದು ಅಂತ ಅದರ ಮೇಲೆ ಎಲ್ಲೂ ಇಲ್ಲ.